ಮೇಬೆಲ್ ಕಾರ್ಟರ್ ಹೆಬ್ಬೆರಳಿನ ಹಿಂದೆ ಬಿದ್ದು ಗಿಟಾರ್ ಕಲಿತದ್ದು

ಗಿಟಾರ್ ನನಗೆ ಮೊದಲೇ ಬರುತ್ತಿತ್ತು. ಅಂದರೆ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದು ಸಿನಿಮಾ ಹಾಡಿನ ಜೊತೆ ಬಾರಿಸುವಷ್ಟು. ಕೆಲಸಕ್ಕೆಂದು ಟೆನ್ನೆಸ್ಸಿಯ ಕಿಂಗ್ಸ್‌ಪೋರ್ಟ್‌ಗೆ ಬಂದ ಮೇಲೆ ಶನಿವಾರ ಸಂಜೆ ಹೊತ್ತು ಹೋಗುತ್ತಿರಲಿಲ್ಲ. ರಾಜ್ಯದ ಗಡಿ ದಾಟಿದರೆ ವರ್ಜೀನಿಯಾದ ಹಿಲ್ಟನ್ಸ್, ಅಲ್ಲಿ ಕಾರ್ಟರ್ ಫ್ಯಾಮಿಲಿ ಫೋಲ್ಡ್ ಅಂತ ಹಳೆ ಹಾಡಿನ ಕಛೇರಿ ನಡೆಯುವ ಒಂದು ಜಾಗ. ಎಲೆಕ್ಟ್ರಿಕ್ ವಾದ್ಯ ಇಲ್ಲ, ಮದ್ಯ ಇಲ್ಲ, ವೇದಿಕೆ ಮುಂದಿನ ಜಾಗದಲ್ಲಿ ವಯಸ್ಸಾದವರೂ ಟಕಟಕ ಅಂತ ಹೆಜ್ಜೆ ಹಾಕುತ್ತಾರೆ. ಒಂದೇ ಗಿಟಾರ್‌ನಲ್ಲಿ ಹಾಡಿನ ಧಾಟಿಯನ್ನೂ ತಾಳವನ್ನೂ ಒಟ್ಟಿಗೆ ನುಡಿಸುವುದನ್ನು ಹತ್ತಿರದಿಂದ ನೋಡಿದ್ದು ಅಲ್ಲೇ.

ಅದಕ್ಕೆ ಕಾರ್ಟರ್ ಸ್ಕ್ರ್ಯಾಚ್ ಅನ್ನುತ್ತಾರೆ. ಅಮೆರಿಕದ ಕಂಟ್ರಿ ಸಂಗೀತದ ಗಿಟಾರ್ ವಾದಕಿ ಮೇಬೆಲ್ ಕಾರ್ಟರ್ ಹೆಸರುವಾಸಿ ಮಾಡಿದ ಶೈಲಿ. ಆಕೆ ಹುಟ್ಟಿದ್ದು 1909ರಲ್ಲಿ, ವರ್ಜೀನಿಯಾದ ನಿಕಲ್ಸ್‌ವಿಲ್‌ನಲ್ಲಿ. ಸೇರಾ ಕಾರ್ಟರ್ ಆಕೆಗೆ ತವರಿನ ಕಡೆಯಿಂದ ಕಸಿನ್, ಮದುವೆಯಾದ ಮೇಲೆ ವಾರಗಿತ್ತಿ. ಸೇರಾಳ ಗಂಡ ಎ.ಪಿ. ಕಾರ್ಟರ್ ಹಾಡು ಹುಡುಕಿಕೊಂಡು ಊರೂರು ಅಲೆಯುವವನು. 1927ರ ಆಗಸ್ಟ್‌ನಲ್ಲಿ ಕಾರ್ಟರ್ ಫ್ಯಾಮಿಲಿ ಅನ್ನುವ ತಂಡದ ಈ ಮೂವರೂ ಇದೇ ಗಡಿಯ ಮೇಲಿರುವ ಬ್ರಿಸ್ಟಲ್‌ಗೆ ಹೋಗಿ ರೆಕಾರ್ಡ್ ಕಂಪನಿಯ ರಾಲ್ಫ್ ಪೀರ್ ಎದುರು ಆರು ಹಾಡು ರೆಕಾರ್ಡ್ ಮಾಡಿದರು, ಹಾಡಿಗೆ 50 ಡಾಲರ್. ಮೇಬೆಲ್‌ಗೆ ಆಗ 18 ವರ್ಷ, ತುಂಬು ಬಸುರಿ.

ಸೇರಾ ಮುಖ್ಯ ಗಾಯಕಿ, ಆಟೋಹಾರ್ಪ್ ಅನ್ನುವ ತಂತಿವಾದ್ಯ ಮೀಟುತ್ತಿದ್ದಳು. ಎ.ಪಿ. ಮನಸ್ಸು ಬಂದಾಗ ದನಿ ಕೂಡಿಸುತ್ತಿದ್ದ. ಪಿಟೀಲು ಇಲ್ಲ, ಬ್ಯಾಂಜೋ ಇಲ್ಲ. ಸಾಲು ಮುಗಿದ ಮೇಲೆ ಧಾಟಿ ನುಡಿಸೋಕೆ ಇದ್ದದ್ದು ಮೇಬೆಲ್ ಒಬ್ಬಳೇ, ತಾಳ ಬಿಡುವ ಹಾಗೂ ಇಲ್ಲ. ಇದು ಹೊಳೆದ ಮೇಲೆ ನನಗೆ ಆ ಶೈಲಿ ಯಾಕೆ ಹಾಗಿದೆ ಅಂತ ಅರ್ಥವಾಯಿತು, ಅದಕ್ಕಿಂತ ಮುಂಚೆ ಸುಮ್ನೆ ಬೆರಳು ಆಡಿಸುತ್ತಿದ್ದೆ ಅಷ್ಟೇ.

ನಾನು ಶುರು ಮಾಡಿದ್ದು 'ವೈಲ್ಡ್‌ವುಡ್ ಫ್ಲವರ್'ನಿಂದ, ಅವರು 1928ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ರೆಕಾರ್ಡ್ ಮಾಡಿದ್ದು. ಎಡಗೈಯಲ್ಲಿ ಸಿ ಕಾರ್ಡ್. ಬಲಗೈ ಹೆಬ್ಬೆರಳಿಗೆ ಪಿಕ್ ಹಾಕಿಕೊಂಡು ದಪ್ಪ ತಂತಿಗಳ ಮೇಲೆ ಧಾಟಿ, ನಡುನಡುವೆ ತೋರುಬೆರಳಿಂದ ತೆಳು ತಂತಿಗಳನ್ನು ಸವರುವುದು. ಚಿಕ್ಕಂದಿನಲ್ಲಿ ಸಂಗೀತದ ಮೇಷ್ಟ್ರ ಹತ್ತಿರ ಜಂಟಿವರಸೆವರೆಗೆ ಕಲಿತಿದ್ದೆ, ಅದು ಇಲ್ಲಿ ಕೆಲಸಕ್ಕೆ ಬಂತು. ಸಿ ಅನ್ನು ಷಡ್ಜ ಮಾಡಿಕೊಂಡರೆ ಹಾಡು ಗ, ಮ, ಪ ಅಂತ ಮೇಲೇರುತ್ತದೆ. ಗ ಇರುವುದು ತೆಳು ತಂತಿಯ ಕಡೆಯಿಂದ ಎಣಿಸಿದರೆ ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲಿನ ಮನೆ), ಕಾರ್ಡ್ ಹಿಡಿದಾಗಲೇ ಬೆರಳು ಅಲ್ಲಿರುತ್ತದೆ. ಮ ಬಂದಾಗ ಅದೇ ತಂತಿಯ ಮೂರನೇ ಫ್ರೆಟ್‌ಗೆ ಕಿರುಬೆರಳು ಇಡಬೇಕು. ಪ ಅಂದರೆ ಮೂರನೇ ತಂತಿ, ಯಾವ ಬೆರಳೂ ಬೇಡ. ಮೊದಲು ಸ್ವರ ಹಾಡಿಕೊಂಡು ಹೆಬ್ಬೆರಳನ್ನಷ್ಟೇ ಪಳಗಿಸಿದೆ. ಅದು ತನ್ನ ಪಾಡಿಗೆ ತಾನು ನಡೆಯೋಕೆ ಶುರುವಾದ ಮೇಲೆ ತೋರುಬೆರಳನ್ನು ಸೇರಿಸಿದ್ದು. ಎರಡನ್ನೂ ಒಟ್ಟಿಗೆ ಹಿಡಿದರೆ ಧಾಟಿ ಗದ್ದಲದಲ್ಲಿ ಮುಳುಗಿ ಹೋಗುತ್ತದೆ. ಸವರುವುದು ಮೆತ್ತಗಿರಬೇಕು, ಹೆಬ್ಬೆರಳು ಜೋರಾಗಿರಬೇಕು. ನನ್ನ ಕೇಳಿದರೆ ಇಡೀ ವಿದ್ಯೆ ಇಷ್ಟೇ.

ಇನ್ನೊಂದು ಮಾತು. ಎ.ಪಿ. ಜೊತೆ ಹಾಡು ಹುಡುಕಲು ತಿರುಗುತ್ತಿದ್ದ ಲೆಸ್ಲಿ ರಿಡಲ್ ಅನ್ನುವ ಕಪ್ಪು ಗಿಟಾರಿಸ್ಟ್ ನಾನಿರುವ ಈ ಕಿಂಗ್ಸ್‌ಪೋರ್ಟ್‌ನಲ್ಲೇ ಇದ್ದವನು. ಎ.ಪಿ. ಸಾಹಿತ್ಯ ಬರೆದುಕೊಂಡರೆ ಧಾಟಿ ನೆನಪಿಟ್ಟುಕೊಳ್ಳುವುದು ರಿಡಲ್ ಪಾಲಿಗೆ. ಬಲಗೈಯ ಎರಡು ಬೆರಳು ಕಳೆದುಕೊಂಡಿದ್ದರೂ ಅವನು ಬಾರಿಸುತ್ತಿದ್ದ ರೀತಿಯಿಂದ ಮೇಬೆಲ್ ಕಲಿತಳು. ಆದರೆ ಶೈಲಿಗೆ ಉಳಿದ ಹೆಸರು ಕಾರ್ಟರ್ ಒಂದೇ. ಇದು ನನಗೆ ಸರಿ ಕಾಣುವುದಿಲ್ಲ.

ಆಕೆಯ ಬದುಕೂ ಒಂದೇ ಸಮ ಏರಿದ್ದಲ್ಲ. ಸೇರಾ, ಎ.ಪಿ. ಬೇರೆಯಾದರು, 1940ರ ದಶಕದಲ್ಲಿ ಮೂವರ ತಂಡವೂ ಮುಗಿಯಿತು. ಹೆಣ್ಣುಮಕ್ಕಳಾದ ಹೆಲೆನ್, ಜೂನ್, ಅನಿಟಾ ಜೊತೆ ಹೊಸ ತಂಡ ಕಟ್ಟಿ 1950ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಅನ್ನುವ ಕಂಟ್ರಿ ಸಂಗೀತದ ರೇಡಿಯೋ ಕಾರ್ಯಕ್ರಮದ ವೇದಿಕೆಗೆ ಬಂದಳು. ಆಮೇಲೆ ಹಳೆ ಹಾಡಿಗೆ ಬೇಡಿಕೆ ಕಮ್ಮಿಯಾದಾಗ ನರ್ಸ್ ಕೆಲಸವನ್ನೂ ಮಾಡಿದಳು. ಅಷ್ಟು ದೊಡ್ಡ ಕಲಾವಿದೆ ರೋಗಿಗಳ ಸೇವೆಗೆ ಹೋಗುತ್ತಿದ್ದಳು ಅಂದರೆ ಈಗ ನಂಬೋದು ಕಷ್ಟ, ಅಲ್ವಾ? 1963ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಕರೆ ಬಂತು, 1970ರಲ್ಲಿ ಕಾರ್ಟರ್ ಫ್ಯಾಮಿಲಿಗೆ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಗೌರವ. 1978ರಲ್ಲಿ ತೀರಿಕೊಂಡಳು. ಆಕೆ ದಶಕಗಳ ಕಾಲ ಬಾರಿಸಿದ ಗಿಬ್ಸನ್ ಎಲ್-5 ಗಿಟಾರ್ ಈಗ ಅದೇ ಹಾಲ್ ಆಫ್ ಫೇಮ್‌ನ ಮ್ಯೂಸಿಯಂನಲ್ಲಿದೆ.

ಕಲಿಯಬೇಕು ಅನ್ನುವವರಿಗೆ: ವಿಡಿಯೋಗಳಲ್ಲಿ ಜಾಸ್ತಿ ಜನ ಇದನ್ನು ಓಡಿಸಿ ಬಾರಿಸುತ್ತಾರೆ. ಅದನ್ನು ಬಿಟ್ಟು 1928ರ ರೆಕಾರ್ಡಿಂಗನ್ನೇ ಕೇಳಿ. ಅದರ ಶ್ರುತಿಗೆ ನಿಮ್ಮ ಗಿಟಾರ್ ಕೂಡದಿದ್ದರೆ ಗಾಬರಿ ಬೇಡ, ಆಕೆ ತಂತಿಗಳನ್ನು ಇಳಿಸಿಕೊಂಡು ಬಾರಿಸುವುದೂ ಇತ್ತು. ನೀವೂ ಎಲ್ಲಾ ತಂತಿಗಳನ್ನು ಒಂದೇ ಸಮ ಇಳಿಸಿ, ಸಿ ಆಕಾರವನ್ನೇ ಹಿಡಿಯಿರಿ.