ಕೊಬ್ಬರಿ ಅಟ್ಟದ ತೊಲೆಯಿಂದ ಊಟದ ಟೇಬಲ್

ತಿಪಟೂರು ಕಡೆ ಹಳೇ ಮನೆ ಕೆಡವುವುದು ಈಗ ಅರ್ಧ ದಿನದ ಕೆಲಸ. ಬೆಳಗ್ಗೆ ಏಳಕ್ಕೆ ಜೆಸಿಬಿ ಬರುತ್ತದೆ, ಹನ್ನೊಂದಕ್ಕೆಲ್ಲ ಮನೆ ಇರುವುದಿಲ್ಲ. ತೊಲೆ, ಜಂತೆ, ಕಂಬ ಎಲ್ಲ ಮಣ್ಣಿನ ಗುಡ್ಡೆಯೊಳಗೆ ಮುರಿದು ಬಿದ್ದಿರುತ್ತವೆ. ಸಂಜೆ ಹೊತ್ತಿಗೆ ಟ್ರ್ಯಾಕ್ಟರ್ ಬಂದು ಇಟ್ಟಿಗೆ ಗೂಡಿಗೆ ಸೌದೆ ಅಂತ ತುಂಬಿಕೊಂಡು ಹೋಗುತ್ತದೆ.

ನಮ್ಮ ಸೋದರಮಾವನ ಮನೆಗೂ ಹೀಗೇ ಆಗುವುದಿತ್ತು. ಹಿಂದಿನ ದಿನ ಹೋಗಿ ಬೇಡಿಕೊಂಡೆ. "ಆ ಹೊಗೆ ಹಿಡಿದ ಮರ ತಗೊಂಡು ಏನ್ ಮಾಡ್ತೀಯಪ್ಪ?" ಅಂದರು ಮಾವ. ಎರಡು ದಿನ ಟೈಮ್ ಕೊಡಿ ಮಾವ, ಕೈಯಲ್ಲೇ ಬಿಚ್ಚಿಸುತ್ತೇನೆ, ಕೂಲಿ ನನ್ನದು ಅಂದೆ. ಒಪ್ಪಿದರು. ನಾಲ್ಕು ಜನ ಆಳು ಹಚ್ಚಿ ಮೊದಲು ಹಂಚು, ಆಮೇಲೆ ರೀಪು, ಆಮೇಲೆ ಜಂತೆ, ಕೊನೆಗೆ ತೊಲೆ ಇಳಿಸಿದೆವು. ಕಟ್ಟುವಾಗ ಯಾವುದು ಕೊನೆಗೆ ಏರಿತ್ತೋ ಅದು ಮೊದಲು ಇಳಿಯಬೇಕು. ಅವಸರ ಮಾಡಿ ಮಧ್ಯದ ಒಂದು ಜಂತೆ ಎಳೆದರೆ ಗೋಡೆ ಮೈಮೇಲೆ ಬರುತ್ತದೆ.

ಆ ಮರ ನನಗೆ ಅಷ್ಟು ಬೇಕಾಗಿದ್ದಕ್ಕೆ ಕಾರಣ ಇದೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರ ಮನೆಯಲ್ಲಿ ಅಟ್ಟ ಇದ್ದೇ ಇರುತ್ತದೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಲ್ಲಿಯವರೆಗೂ ಅಟ್ಟದಲ್ಲಿ ಗಾಳಿ ಆಡಬೇಕು, ತೇವ ಇರಬಾರದು. ಮಾವನ ಮನೆಯಲ್ಲಿ ಅಟ್ಟದ ಕೆಳಗೇ ಒಲೆ. ಕಾಯಿ ಒಣಗಿದ ಹಾಗೇ ಅದನ್ನು ಹೊತ್ತ ತೊಲೆಯೂ ಒಣಗಿದೆ. ಒಂದು ವರ್ಷ ಅಲ್ಲ, ಮೂರು ತಲೆಮಾರು. ಇಂಥ ಮರ ಯಾವ ಸಾಮಿಲ್‌ನಲ್ಲೂ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಹೊಸದಾಗಿ ಕೊಯ್ದ ಹಲಗೆ ಒಂದು ಇಂಚು ದಪ್ಪಕ್ಕೆ ನೆರಳಲ್ಲಿ ಒಂದು ವರ್ಷವಾದರೂ ಒಣಗಬೇಕು ಅನ್ನುವುದು ಬಡಗಿಗಳ ಲೆಕ್ಕ. ಅಷ್ಟು ಕಾಯುವವರು ಈಗ ಯಾರಿದ್ದಾರೆ?

ನಾನು ಹುಟ್ಟಾ ಬಡಗಿ ಅಲ್ಲ. ತುಮಕೂರಿನ ಒಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಫಿಟ್ಟರ್ ಆಗಿದ್ದೆ. ಮರಗೆಲಸ ಕಲಿತದ್ದು ಗುಬ್ಬಿ ಹತ್ತಿರದ ಒಬ್ಬ ಹಿರಿಯ ಆಚಾರ್ರ ಕೈಕೆಳಗೆ, ಭಾನುವಾರ ಭಾನುವಾರ ಹೋಗಿ. ಅವರು ಮೊದಲ ದಿನವೇ ನನ್ನ ಕೈಯಲ್ಲಿದ್ದ ಡ್ರಾಯಿಂಗ್ ನೋಡಿ ಮಡಚಿ ಜೇಬಿಗೆ ವಾಪಸ್ ಇಟ್ಟರು. "ಮೊದ್ಲು ಮರ ನೋಡಪ್ಪ. ಏನು ಮಾಡ್ಬೇಕು ಅಂತ ಅದೇ ಹೇಳ್ತದೆ." ಹೊಸ ಮರವಾದರೆ ನಮಗೆ ಬೇಕಾದ ಅಳತೆಗೆ ಕೊಯ್ಯಿಸಬಹುದು. ಹಳೇ ಮರದಲ್ಲಿ ಹಾಗಾಗುವುದಿಲ್ಲ. ಎಲ್ಲಿ ಮೊಳೆ ತೂತು ಇದೆ, ಎಲ್ಲಿ ಸೀಳಿದೆ, ಎಷ್ಟು ಉದ್ದ ಗಟ್ಟಿ ಉಳಿದಿದೆ ಅನ್ನುವುದನ್ನು ನೋಡಿಯೇ ಟೇಬಲ್ಲೋ ಬೆಂಚೋ ತೀರ್ಮಾನ ಮಾಡಬೇಕು.

ಮಾವನ ಮನೆಯಲ್ಲಿ ಸಿಕ್ಕಿದ್ದು ಹಲಸಿನ ಮೂರು ತೊಲೆ, ಬೇವಿನ ಜಂತೆಗಳು, ಎರಡು ಕಂಬ. ಒಂದೊಂದು ತೊಲೆ 12 ಅಡಿ ಉದ್ದ, 8 ಇಂಚು ಅಗಲ, 6 ಇಂಚು ದಪ್ಪ. ಅಂದರೆ 4 ಸಿಎಫ್‌ಟಿ (ಘನ ಅಡಿ). ಎಲ್ಲ ಮಸಿ ಹಿಡಿದು ಕರ್ರಗಿದ್ದವು, ನೋಡಿದರೆ ಯಾವ ಮರ ಅಂತ ಗೊತ್ತಾಗುವ ಹಾಗಿರಲಿಲ್ಲ. ಹಲಸು ಅಂತ ತಿಳಿದದ್ದು ಒಂದು ಮೂಲೆಗೆ ಹತ್ತರಿ (ಮರದ ಮೈ ನುಣುಪು ಮಾಡುವ ಸಾಧನ) ಹಾಕಿದಾಗ. ಮೊದಲ ಎರಡು ಎಳೆತಕ್ಕೆ ಬರೀ ಕಪ್ಪು ಪುಡಿ. ಮೂರನೆಯದಕ್ಕೆ ಅರಿಶಿನದ ಬಣ್ಣದ ಸುರುಳಿ ಎದ್ದು ಬಂತು, ತೆಳ್ಳಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಾ. ಅಷ್ಟು ವರ್ಷ ಹೊಗೆ ಕುಡಿದ ಮರದ ಒಳಗೆ ಆ ಹಳದಿ ಹಾಗೇ ಇತ್ತು. ಅವತ್ತು ಊಟಕ್ಕೆ ಏಳಲು ಮನಸ್ಸಾಗಲಿಲ್ಲ. (ಬೆಳಕಿಗೆ ಬಿದ್ದ ಮೇಲೆ ಈ ಹಳದಿ ವರ್ಷದೊಳಗೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಟೇಬಲ್ ಮೇಲೆ ಏನಾದರೂ ಇಟ್ಟು ಬಿಟ್ಟರೆ ಅದರ ಅಚ್ಚು ಉಳಿಯುತ್ತದೆ, ಮೊದಲ ಕೆಲವು ತಿಂಗಳು ಹುಷಾರು.)

ಕಂಬಗಳ ಬಗ್ಗೆ ಅನುಮಾನ ಇತ್ತು. ಆಚಾರ್ರು ಒಂದು ಚಕ್ಕೆ ಕೆತ್ತಿ ಗಾಜಿನ ಲೋಟದ ನೀರಿಗೆ ಹಾಕಿದರು. ಸ್ವಲ್ಪ ಹೊತ್ತು ಬಿಟ್ಟು ಬಿಸಿಲಿಗೆ ಹಿಡಿದರೆ ಜೇನುಬಣ್ಣದ ನೀರಿನ ಅಂಚಿನಲ್ಲಿ ನೀಲಿ ಹೊಳೆಯಿತು. ಹೊನ್ನೆ. ಸಕ್ಕರೆ ಕಾಯಿಲೆಗೆ ಅಂತ ಜನ ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುತ್ತಾರಲ್ಲ, ಅದೇ ಮರ. ಗಟ್ಟಿ, ಗೆದ್ದಲು ಸುಲಭಕ್ಕೆ ಮುಟ್ಟಲ್ಲ. ಆದರೆ ಒದ್ದೆಯಾದರೆ ಬಣ್ಣ ಬಿಡುತ್ತದೆ, ಹಾಗಾಗಿ ಟೇಬಲ್ ಮೇಲ್ಭಾಗಕ್ಕೆ ಬೇಡ, ಕಾಲಿಗೆ ಒಳ್ಳೆಯದು.

ಮರ ಒಳ್ಳೆಯದೇ ಆದರೂ ತುದಿಗಳನ್ನು ನಂಬಬಾರದು. ತೊಲೆಯ ಎರಡೂ ತುದಿ ಮಣ್ಣಿನ ಗೋಡೆಯೊಳಗೆ ಕೂತಿರುತ್ತವೆ. ಮಳೆ ನೀರು ಇಳಿಯುವುದು, ಗೆದ್ದಲು ಹತ್ತುವುದು ಎಲ್ಲ ಅಲ್ಲೇ. ಸುತ್ತಿಗೆಯಲ್ಲಿ ತಟ್ಟುತ್ತಾ ಬಂದರೆ ಗಟ್ಟಿ ಇರುವಲ್ಲಿ ಟಣ್ ಅನ್ನುತ್ತದೆ, ಟೊಳ್ಳಾದಲ್ಲಿ ಸದ್ದು ಸತ್ತುಹೋಗುತ್ತದೆ. ನಾನು ಎರಡೂ ಕಡೆ ಒಂದೊಂದು ಅಡಿ ಕೊಯ್ದು ಬಿಸಾಕಿದೆ. 12 ಅಡಿ 10 ಆಯಿತು. ಬೇವಿನ ಜಂತೆಗಳಲ್ಲಿ ಮೂರಕ್ಕೆ ಹೊರಗಿನ ಬಿಳಿ ಭಾಗದಲ್ಲಿ ಕುಟ್ಟೆ (ಮರ ಕೊರೆಯುವ ಹುಳ) ಹಿಡಿದಿತ್ತು, ಸೂಜಿ ಗಾತ್ರದ ತೂತು, ಕೆಳಗೆ ಹಿಟ್ಟಿನಂಥ ಪುಡಿ. ಆ ಬಿಳಿ ಭಾಗ ಪೂರ್ತಿ ಕೆತ್ತಿ ತೆಗೆದು ಚೇಗು (ಒಳಗಿನ ಗಟ್ಟಿ ಮರ) ಮಾತ್ರ ಉಳಿಸಿಕೊಂಡೆ. ಅದಕ್ಕೆ 10 ಲೀಟರ್ ಬಿಸಿನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಕಲಸಿ ಎರಡು ಸಲ ಬಳಿದೆ. ಮನೆಯೊಳಗಿನ ಸಾಮಾನಿಗೆ ಇದು ಸಾಕು. ಮಳೆಗೆ ಸಿಕ್ಕರೆ ತೊಳೆದುಹೋಗುತ್ತದೆ.

ಇನ್ನು ಮೊಳೆ. ಸಾಮಿಲ್‌ನವರು ಹಳೇ ಮರ ಅಂದರೆ ಮುಖ ತಿರುಗಿಸುತ್ತಾರೆ, ಅವರ ತಪ್ಪಲ್ಲ. ಒಂದು ಮೊಳೆ ಸಿಕ್ಕರೆ ಬ್ಲೇಡಿನ ಹಲ್ಲು ಉದುರುತ್ತದೆ, ಬ್ಲೇಡ್ ತುಂಡಾಗಿ ಹಾರಿದರೆ ಆಳಿನ ಜೀವಕ್ಕೇ ಅಪಾಯ. ನಾನು ಹಳೇ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಒಂದೊಂದು ತೊಲೆಯ ನಾಲ್ಕೂ ಮುಖದ ಮೇಲೆ ಗೇಣು ಗೇಣು ಆಡಿಸಿದೆ. ತಲೆ ಮುರಿದು ಒಳಗೇ ಉಳಿದ ಮೊಳೆ ಇದ್ದಲ್ಲಿ ಅಯಸ್ಕಾಂತ ಸ್ವಲ್ಪ ಆ ಕಡೆ ವಾಲುತ್ತದೆ. ಕಣ್ಣಿಗೂ ಗೊತ್ತಾಗುತ್ತದೆ, ಕಬ್ಬಿಣ ತಾಗಿದ ಸುತ್ತ ಮರ ಶಾಯಿ ಚೆಲ್ಲಿದ ಹಾಗೆ ಕಪ್ಪಾಗಿರುತ್ತದೆ. ಮೂರು ತೊಲೆಯಲ್ಲಿ 61 ಮೊಳೆ ತೆಗೆದೆ. ಬಹಳಷ್ಟು ಕುಲುಮೆಯಲ್ಲಿ ಬಡಿದ ಚೌಕ ಮೊಳೆಗಳು. ಮೂರು ಭಾನುವಾರ ಇದಕ್ಕೇ ಹೋಯಿತು. ಇಡೀ ಕೆಲಸದಲ್ಲಿ ತುಂಬಾ ಬೇಜಾರಿನ ಭಾಗ ಇದು, ಬಿಡುವ ಹಾಗಿಲ್ಲ.

ಎರಡು ಮಾತು ನಡುವೆ ಹೇಳಿಬಿಡುತ್ತೇನೆ. ಮನೆ ಬಿಚ್ಚಿದ ಮರವಾದರೂ ಗಾಡಿಗೆ ಹಾಕುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ, ತೇಗ, ಬೀಟೆ ಇದ್ದರಂತೂ ಕೇಳಲೇಬೇಕು. ಹಾಗೇ ಬಾಗಿಲು, ಕಿಟಕಿಯ ಹಳೇ ಬಣ್ಣವನ್ನು ಒಣಗಿದ್ದಾಗಲೇ ಉಜ್ಜಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ. ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಮೊದಲ ತೊಲೆಯಲ್ಲಿ ಮಾಡಿದ ಟೇಬಲ್ ಒಂದೇ ಬೇಸಿಗೆಗೆ ಸೀಳಿತು. ಮೇಲಿನ ಹಲಗೆಗಳನ್ನು ಅಂಟು ಹಾಕಿ ಜೋಡಿಸಿ, ಕೆಳಗಿನ ಚೌಕಟ್ಟಿಗೆ ಹನ್ನೆರಡು ಸ್ಕ್ರೂ ಬಿಗಿದಿದ್ದೆ. ಕಾರ್ಖಾನೆಯಲ್ಲಿ ಹಾಗೇ ತಾನೇ, ಎಷ್ಟು ಬಿಗಿದರೆ ಅಷ್ಟು ಗಟ್ಟಿ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಹಾಲ್‌ನಿಂದ ಫಟ್ ಅಂತ ಸದ್ದು ಬಂತು. ಹೋಗಿ ನೋಡಿದರೆ ಬೆರಳು ಹೋಗುವಷ್ಟು ಸೀಳು, ತುದಿಯಿಂದ ಎರಡು ಅಡಿ. ತುಂಬಾ ನೋವಾಯಿತು. ನೂರು ವರ್ಷ ಅಟ್ಟ ಹೊತ್ತ ಮರವನ್ನು ನಾನು ಆರು ತಿಂಗಳಲ್ಲಿ ಹಾಳು ಮಾಡಿದ್ದೆ.

ಆಚಾರ್ರು ಬೈಯಲಿಲ್ಲ. ಟೇಬಲ್ ಮಗುಚಿ ಸ್ಕ್ರೂಗಳನ್ನು ತೋರಿಸಿದರು. ಎಷ್ಟೇ ಒಣಗಿದ ಮರವಾಗಲಿ, ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ನನ್ನ ಚೌಕಟ್ಟಿನ ಅಡ್ಡಪಟ್ಟಿಯಲ್ಲಿ ಮರದ ಎಳೆ ಅದರ ಉದ್ದಕ್ಕಿದೆ, ಅದು ಅಲುಗುವುದಿಲ್ಲ. ಅದರ ಮೇಲೆ ಅಡ್ಡಲಾಗಿ ಕೂತ ಹಲಗೆ ಕುಗ್ಗಬೇಕು, ಸ್ಕ್ರೂ ಬಿಡುವುದಿಲ್ಲ. ಸೀಳದೆ ಇನ್ನೇನು ಮಾಡುತ್ತದೆ?

ಎರಡನೇ ಟೇಬಲ್‌ಗೆ ಹಾಗೆ ಮಾಡಲಿಲ್ಲ. ಚೌಕಟ್ಟಿನ ಒಳಮೈಗೆ ಕಾಲುವೆಯಂಥ ಕಾಲಿಂಚಿನ ಗಾಡಿ ತೋಡಿ, ಹೆಬ್ಬೆರಳು ಗಾತ್ರದ ಬೇವಿನ ತುಂಡುಗಳ ಒಂದು ತುದಿಯನ್ನು ಅದರೊಳಗೆ ಕೂರಿಸಿದೆ. ಸ್ಕ್ರೂ ಆ ತುಂಡಿನ ಮೂಲಕ ಮೇಲಿನ ಹಲಗೆಗೆ ಮಾತ್ರ ಹೋಗುತ್ತದೆ. ಹಲಗೆ ಹಿಗ್ಗಿದರೆ ತುಂಡು ಗಾಡಿಯೊಳಗೆ ಜರುಗುತ್ತದೆ. ಮೇಲಕ್ಕೆ ಏಳಲ್ಲ, ಪಕ್ಕಕ್ಕೆ ಸರಿಯಲು ಜಾಗ ಇದೆ, ಅಷ್ಟೇ. ಮಾರ್ಚ್‌ನಲ್ಲಿ ಅಳತೆ ಬರೆದಿಟ್ಟೆ, ಆಗಸ್ಟ್‌ನಲ್ಲಿ ಮತ್ತೆ ಅಳೆದೆ. 3 ಅಡಿ ಅಗಲದ ಹಲಗೆ 5 ಮಿಲಿಮೀಟರ್ ಬೆಳೆದಿತ್ತು. ಸೀಳು ಒಂದೂ ಇಲ್ಲ.

ಕಾಲಿಗೆ ಹೊನ್ನೆ ಕಂಬವನ್ನೇ ಸೀಳಿಸಿ 3 ಇಂಚಿನ ಚೌಕ ಮಾಡಿಕೊಂಡೆ. ಕಾಲಿಗೆ ತೂತು ಹೊಡೆದು, ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ಇಳಿಸಿ ಒಳಗೆ ಕೂರಿಸುವುದು. ಇದರ ಮೇಲೆ ಬಿದಿರಿನ ಮೊಳೆ. ಇಲ್ಲಿ ಆಚಾರ್ರು ಹೇಳಿಕೊಟ್ಟ ಒಂದು ಉಪಾಯ ಇದೆ. ಬಿದಿರು ಮೊಳೆಗೆ ಕಾಲಿನಲ್ಲಿ ಹೊಡೆದ ತೂತೂ, ನಾಲಗೆಯಲ್ಲಿ ಹೊಡೆದ ತೂತೂ ನೇರಕ್ಕೆ ಕೂಡಬಾರದು. ನಾಲಗೆಯ ತೂತು ಒಂದು ಮಿಲಿಮೀಟರ್ ಭುಜದ ಕಡೆಗಿರಬೇಕು, ಅಂದರೆ ನಾಲಗೆ ಶುರುವಾಗುವ ಅಂಚಿನ ಕಡೆಗೆ. ಮೊಳೆಯ ತುದಿ ಚೂಪು ಮಾಡಿ ಬಡಿದರೆ ಅದು ಬಾಗಿಕೊಂಡು ಇಳಿಯುತ್ತಾ ಅಡ್ಡಪಟ್ಟಿಯನ್ನು ಕಾಲಿಗೆ ಎಳೆದುಕೊಳ್ಳುತ್ತದೆ. ಕೊಡತಿಯ ಪೆಟ್ಟಿನ ಸದ್ದು ಬದಲಾಗುವುದು ಕೇಳಿಸುತ್ತದೆ, ಸಂದು ಕಣ್ಣೆದುರೇ ಮುಚ್ಚಿಕೊಳ್ಳುತ್ತದೆ. ಅಂಟು ಬೇಕಾಗಿಲ್ಲ. ಮುಂದೆ ಯಾರಾದರೂ ರಿಪೇರಿ ಮಾಡಬೇಕೆಂದರೆ ಆ ಮೊಳೆ ಕೊರೆದು ತೆಗೆದರೆ ಪೂರ್ತಿ ಬಿಚ್ಚಬಹುದು. ಬಾಳಿಕೆ ಅಂದರೆ ನನ್ನ ಲೆಕ್ಕದಲ್ಲಿ ಮುರಿಯದೇ ಇರುವುದಷ್ಟೇ ಅಲ್ಲ, ಬಿಚ್ಚಿ ಮತ್ತೆ ಕಟ್ಟಲು ಬರಬೇಕು. ಮಾವನ ಮನೆಯ ಅಟ್ಟವನ್ನೂ ಹಾಗೇ ಕಟ್ಟಿದ್ದರು, ಅದಕ್ಕೇ ತಾನೇ ನನಗೆ ಮರ ಸಿಕ್ಕಿದ್ದು.

ಅಂಟು ಹಾಕುವುದಿದ್ದರೆ ಮಸಿ ಹಿಡಿದ ಮೈಗೆ ಹಾಕಬೇಡಿ, ನಿಲ್ಲುವುದಿಲ್ಲ. ಹತ್ತರಿ ಹಾಕಿ ಹೊಸ ಮೈ ಬಿಡಿಸಿ, ಅವತ್ತೇ ಅಂಟಿಸಿ.

ಪಾಲಿಶ್‌ಗೆ ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆ ಬಳಸುತ್ತೇನೆ. ತೆಳ್ಳಗೆ ಬಳಿದು, ಕಾಲು ಗಂಟೆ ಬಿಟ್ಟು, ಮಿಕ್ಕಿದ್ದನ್ನು ಒರೆಸಿ, ಎರಡು ದಿನ ಒಣಗಲು ಬಿಟ್ಟು ಮತ್ತೆ ಬಳಿಯುವುದು. ನಾಲ್ಕು ಸಲ. ಕೊನೆಗೆ ಜೇನುಮೇಣ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಕಾವು ಏರಿ ಬೆಂಕಿ ಹತ್ತಬಹುದು. ಬಿಡಿಸಿ ಹಗ್ಗದ ಮೇಲೆ ಒಣಹಾಕಿ. ಮೊಳೆ ತೂತುಗಳನ್ನು ನಾನು ಮುಚ್ಚುವುದಿಲ್ಲ. ಕೆಲವರು ಮರದ ಪುಡಿಗೆ ಅಂಟು ಕಲಸಿ ತುಂಬುತ್ತಾರೆ, ನನಗೆ ಅದು ಇಷ್ಟವಾಗುವುದಿಲ್ಲ.

ಆ ಎರಡನೇ ಟೇಬಲ್ ಈಗ ಮಾವನ ಹೊಸ ಮನೆಯಲ್ಲೇ ಇದೆ. ಉಳಿದ ತುಂಡುಗಳನ್ನು ಒಲೆಗೆ ಹಾಕಬೇಡ ಅಂತ ಅತ್ತೆ ಹೇಳಿ ಕಳಿಸಿದ್ದರು. ಎರಡು ಅಡಿಯ ಒಂದು ಹಲಸಿನ ತುಂಡಿಗೆ ಗಿಡ್ಡ ಕಾಲು ಕೂರಿಸಿ, ಅವರ ಹಳೇ ತುರಿಮಣೆಯ ಕಬ್ಬಿಣದ ಹಲ್ಲನ್ನು ಬಿಚ್ಚಿ ಇದಕ್ಕೆ ಹಾಕಿಕೊಟ್ಟೆ. ಕೊಬ್ಬರಿ ಅಟ್ಟದ ತೊಲೆಯ ಮೇಲೆ ಕೂತು ಅತ್ತೆ ಈಗ ದಿನಾ ಕಾಯಿ ತುರಿಯುತ್ತಾರೆ.