ಪರ್ಸಿ ಮನೆತನದ ವಂಶವೃಕ್ಷ ಬರೆದ ಕಥೆ

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿದ್ದಾಗ ಒಂದು ಭಾನುವಾರ ಸುಮ್ನೆ ಆನಿಕ್ ಅನ್ನೋ ಊರಿಗೆ ಹೋಗಿದ್ದೆ. ಬರೆಯೋದು ಆಲ್ನ್‌ವಿಕ್, ಕರೆಯೋದು ಆನಿಕ್. ಬರೆದ ಹಾಗೇ ಓದಿ ಟಿಕೆಟ್ ಕೇಳಿದೆ, ಬಸ್ ಡ್ರೈವರ್ ನಗುತ್ತಾ ತಿದ್ದಿದ. ಊರಂಚಿನ ಸೇತುವೆ ಮೇಲೊಂದು ಸಿಂಹ ನಿಂತಿದೆ, ಬಾಲ ದೊಣ್ಣೆಯ ಹಾಗೆ ನೆಟ್ಟಗೆ. ಪರ್ಸಿ ಅನ್ನೋ ಹಳೇ ಶ್ರೀಮಂತ ಮನೆತನದ ಗುರುತು ಅದು. ಪಕ್ಕದ ಕೋಟೆಯನ್ನು ಅವರು 1309ರಲ್ಲಿ ಡರಮ್‌ನ ಬಿಷಪ್‌ನಿಂದ ಕೊಂಡರು, ಈಗಲೂ ಪರ್ಸಿಗಳದೇ. ಏಳು ನೂರು ವರ್ಷ ಅಪ್ಪನಿಂದ ಮಗನಿಗೆ ಬಂದಿರಬೇಕು ಅಂದುಕೊಂಡೆ.

ಮನೆಗೆ ಬಂದು ದೊಡ್ಡ ಹಾಳೆಯಲ್ಲಿ ಅವರ ವಂಶವೃಕ್ಷವನ್ನು ಮೇಲಿನಿಂದ ಬರೆಯಲು ಶುರು ಮಾಡಿದೆ. ಅದೇ ತಪ್ಪಾಯಿತು. ಮೊದಲನೆಯವನು ವಿಲಿಯಂ ದ ಪರ್ಸಿ, ಫ್ರಾನ್ಸಿನ ನಾರ್ಮಂಡಿಯವನು. ಪರ್ಸಿ ಅಂದರೆ ಅಲ್ಲಿನ ಊರಿನ ಹೆಸರು. ಇವನಿಗೆ 'ಮೀಸೆಯವನು' ಎಂಬ ಅಡ್ಡಹೆಸರಿತ್ತು. ಆಲ್ಜರ್ನನ್ ಅನ್ನೋ ಇಂಗ್ಲಿಷ್ ಹೆಸರು ಹುಟ್ಟಿದ್ದು ಆ ಅಡ್ಡಹೆಸರಿನ ಫ್ರೆಂಚ್ ರೂಪದಿಂದಲೇ. 1086ರ ಡೂಮ್ಸ್‌ಡೇ ಅನ್ನೋ ಇಂಗ್ಲೆಂಡಿನ ಜಮೀನು ದಫ್ತರಿನಲ್ಲಿ ಅವನ ಯಾರ್ಕ್‌ಶೈರ್ ಜಮೀನುಗಳಿವೆ. ಕೆಲವು ತಲೆಮಾರು ಇಳಿದರೆ ಗಂಡುಮಕ್ಕಳೇ ಇಲ್ಲ! ಅಳಿಸಿ ಅಳಿಸಿ ಹಾಳೆ ತೂತಾಯಿತು.

ಆಮೇಲೆ ಕೆಳಗಿನಿಂದ ಮೇಲಕ್ಕೆ ಹೋದೆ. ಪ್ರತಿಯೊಬ್ಬರಿಗೂ ಅಪ್ಪ ಯಾರು, ಅಮ್ಮ ಯಾರು ಅಂತ ಎರಡೇ ಪ್ರಶ್ನೆ. ಅಮ್ಮನ ತವರಿನ ಹೆಸರು ಕೆಂಪು ಪೆನ್ನಿನಲ್ಲಿ. ಆಗ ಗಂಟು ಬಿಚ್ಚಿತು. 12ನೇ ಶತಮಾನದಲ್ಲಿ ಆಗ್ನೆಸ್ ಪರ್ಸಿ ಲೂವೇನಿನ ಜೋಸೆಲಿನ್‌ನನ್ನು ಮದುವೆಯಾದಳು, ಮಕ್ಕಳು ಅಮ್ಮನ ಹೆಸರನ್ನೇ ಇಟ್ಟುಕೊಂಡರು. 1670ರಲ್ಲಿ ಮತ್ತೆ ಗಂಡು ಸಂತತಿ ನಿಂತಿತು, ಉಳಿದದ್ದು ಒಬ್ಬಳೇ ಮಗಳು. ಆಕೆಯ ಮೊಮ್ಮಗಳನ್ನು 1740ರಲ್ಲಿ ಕೈಹಿಡಿದವನು ಯಾರ್ಕ್‌ಶೈರಿನ ಹ್ಯೂ ಸ್ಮಿತ್‌ಸನ್. 1750ರಲ್ಲಿ ಪಾರ್ಲಿಮೆಂಟಿನ ಕಾಯ್ದೆ ಮಾಡಿಸಿಕೊಂಡು ಪರ್ಸಿಯಾದ, 1766ರಲ್ಲಿ ನಾರ್ತಂಬರ್‌ಲ್ಯಾಂಡಿನ ಡ್ಯೂಕ್ ಆದ. ಮನೆಅಳಿಯ ಅಂದರೆ ಹೀಗಿರಬೇಕು ಅಲ್ವಾ! ಈಗಿನ ಡ್ಯೂಕ್ ಇವನ ವಂಶದವರೇ.

ಕೆಂಪು ಪೆನ್ನಿಲ್ಲದಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಇಲ್ಲಿ ಹೆಸರು, ಆಸ್ತಿ ಎರಡೂ ಹೆಣ್ಣುಮಕ್ಕಳ ಸೆರಗು ಹಿಡಿದೇ ದಾಟಿವೆ.

ಹ್ಯೂಗೆ ಮದುವೆಯ ಆಚೆ ಒಬ್ಬ ಮಗನಿದ್ದ, ಜೇಮ್ಸ್. ಅಮ್ಮನ ತೀರಿಕೊಂಡ ಗಂಡನ ಮೇಸಿ ಎಂಬ ಹೆಸರಲ್ಲಿ ಬೆಳೆದವನು, ಅಮ್ಮ ತೀರಿಕೊಂಡ ಮೇಲೆ ಅಪ್ಪ ಬಿಟ್ಟಿದ್ದ ಸ್ಮಿತ್‌ಸನ್ ಹೆಸರನ್ನು ಎತ್ತಿಕೊಂಡ. ಅವನು ಬಿಟ್ಟುಹೋದ ದುಡ್ಡಿನಿಂದಲೇ 1846ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಎಂಬ ದೊಡ್ಡ ವಸ್ತುಸಂಗ್ರಹಾಲಯ ಸಂಸ್ಥೆ ಹುಟ್ಟಿತು. ನನ್ನ ಹಾಳೆಯಲ್ಲಿ ಅವನಿಗೆ ಜಾಗ ಬಿಟ್ಟಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಚುಕ್ಕಿಗೆರೆ ಎಳೆದು ಸೇರಿಸಿದೆ.