ಪುರುಸೊತ್ತಿನ ವಾರಾಂತ್ಯಕ್ಕೆ ಒಂದೇ ಪ್ರಾಜೆಕ್ಟ್: ನಾನು ಪ್ಲಾನ್ ಮಾಡುವ ರೀತಿ

ನನ್ನ ಕೆಲಸ ಮೈಸೂರಿನಲ್ಲಿ, ಊರು ಪಾಂಡವಪುರದ ಹತ್ತಿರ. ಮದುವೆ, ಬೀಗರೂಟ, ಗದ್ದೆ ಕೆಲಸ ಅಂತ ಏನಾದರೊಂದು ಇದ್ದೇ ಇರುತ್ತದೆ. ಶನಿವಾರ, ಭಾನುವಾರ ಎರಡೂ ಪೂರ್ತಿ ಕೈಗೆ ಸಿಗುವುದು ಅಪರೂಪ. ಹಾಗೆ ಸಿಗುತ್ತದೆ ಎಂದು ಗೊತ್ತಾದ ವಾರ, ಗುರುವಾರ ರಾತ್ರಿಯೇ ಕೂತು ಯಾವ ಪ್ರೋಗ್ರಾಂ ಬರೆಯಬೇಕು ಎಂದು ತೀರ್ಮಾನ ಮಾಡಿಕೊಳ್ಳುತ್ತೇನೆ. ಒಂದೇ ಒಂದು. ಸೋಮವಾರದಿಂದ ಮನೆಯಲ್ಲಿ ಯಾರಾದರೂ ಅದನ್ನು ಬಳಸುವಂತಿರಬೇಕು.

ಫೋನಿನಲ್ಲಿ ಒಂದು ಪಟ್ಟಿ ಇದೆ. ಹೊಳೆದಾಗಲೆಲ್ಲ ಬರೆದಿಡುತ್ತೇನೆ, ಆದರೆ ಹೆಸರು ಬರೆಯುವುದಿಲ್ಲ. ಮುಗಿದಾಗ ಏನಾಗಿರಬೇಕು ಅನ್ನುವುದನ್ನು ಬರೆಯುತ್ತೇನೆ. ‘ಹೋಮ್ ಸರ್ವರ್’ ಅಂತ ಬರೆದರೆ ಅದಕ್ಕೆ ಕೊನೆಯೇ ಇಲ್ಲ. ‘ಮನೆಯವರ ಫೋನುಗಳ ಫೋಟೋ ರಾತ್ರಿ ತಾನಾಗೇ ಹಳೇ ಲ್ಯಾಪ್‌ಟಾಪಿಗೆ ಕಾಪಿ ಆಗಬೇಕು’ ಅಂತ ಬರೆದರೆ ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಾಗುತ್ತದೆ, ಅಲ್ವಾ?

ಈಚೆಗೆ ಆರಿಸಿಕೊಂಡಿದ್ದು ಅವ್ವನ ಹಾಲಿನ ಲೆಕ್ಕ. ಬೆಳಿಗ್ಗೆ, ಸಂಜೆ ಡೈರಿಗೆ ಹಾಲು ಹಾಕಿದಾಗ ಒಂದು ಚೀಟಿ ಕೊಡುತ್ತಾರೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು, ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಎಷ್ಟು, ರೇಟು, ದುಡ್ಡು ಎಲ್ಲ ಅದರಲ್ಲಿರುತ್ತದೆ. ಬಟವಾಡೆ ಮತ್ತು ಸರ್ಕಾರದ ಪ್ರೋತ್ಸಾಹಧನ ಬೇರೆ ಬೇರೆಯಾಗಿ ಬ್ಯಾಂಕಿಗೆ ಬೀಳುತ್ತವೆ. ಚೀಟಿಗಳ ಮೊತ್ತ ಎಷ್ಟು, ಬ್ಯಾಂಕಿಗೆ ಬಂದಿದ್ದೆಷ್ಟು ಎಂದು ಅವ್ವ ತನ್ನ ಫೋನಿನಲ್ಲೇ ನೋಡುವಂತಾಗಬೇಕು. ಇಷ್ಟೇ ಗುರಿ.

ಶುಕ್ರವಾರ ರಾತ್ರಿ ಕೋಡ್ ಮುಟ್ಟುವುದಿಲ್ಲ. ಅಪ್‌ಡೇಟ್, ಡೌನ್‌ಲೋಡ್ ಎಲ್ಲ ಆವತ್ತೇ ಮುಗಿಸುತ್ತೇನೆ. ನಾನು ಕೋಡ್ ಬರೆಯುವ ಪೈಥಾನ್ ಭಾಷೆಯ ಡಾಕ್ಯುಮೆಂಟೇಶನ್ ಪೂರ್ತಿ ಡೌನ್‌ಲೋಡ್‌ಗೆ ಸಿಗುತ್ತದೆ, ಅದನ್ನೂ ಇಳಿಸಿಕೊಳ್ಳುತ್ತೇನೆ. ಊರಿನಲ್ಲಿ ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಇರುವವರೆಗೆ ಕೆಲಸ ನಿಲ್ಲಬಾರದು.

ಶನಿವಾರ ಬೆಳಿಗ್ಗೆ, ಆಗುತ್ತೋ ಇಲ್ಲವೋ ಎಂದು ಅನುಮಾನ ಇರುವ ಭಾಗಕ್ಕೇ ಮೊದಲು ಕೈ ಹಾಕುತ್ತೇನೆ. ಇಲ್ಲಿ ಅದು ಚೀಟಿಯ ಫೋಟೋದಿಂದ ಅಂಕಿ ಓದಿಸುವುದು. ಅದಕ್ಕೆ ಟೆಸೆರಾಕ್ಟ್ ಇದೆ. 1980ರ ದಶಕದಲ್ಲಿ ಎಚ್‌ಪಿಯಲ್ಲಿ ಶುರುವಾಗಿ, 2005ರಲ್ಲಿ ಓಪನ್ ಸೋರ್ಸ್ ಆದ ಸಾಫ್ಟ್‌ವೇರ್. ಕನ್ನಡವನ್ನೂ ಓದುತ್ತದೆ. ಆದರೆ ಚೀಟಿ ಥರ್ಮಲ್ ಕಾಗದದ್ದು, ಬಿಸಿಲು ತಾಗಿದರೆ ಅಕ್ಷರ ಮಾಸುತ್ತದೆ. ಇದಕ್ಕೆ ತಿಂಡಿಯ ಹೊತ್ತಿನವರೆಗೆ ಮಾತ್ರ ಸಮಯ ಎಂದು ಮೊದಲೇ ಗೆರೆ ಎಳೆದಿದ್ದೆ. ಹೊಸ ಚೀಟಿ ಸರಿಯಾಗಿ ಓದಿತು. ಹಳೆಯದರಲ್ಲಿ 8 ಹೋಗಿ 3 ಆಗುತ್ತಿತ್ತು. ದುಡ್ಡಿನ ಲೆಕ್ಕದಲ್ಲಿ ಅದು ನಡೆಯುವುದಿಲ್ಲ. ಅದನ್ನು ಬಿಟ್ಟು, ಕೈಯಲ್ಲೇ ಅಂಕಿ ತುಂಬುವ ಪುಟ್ಟ ಫಾರಂ ಮಾಡಿದೆ. ಅನುಮಾನದ ಭಾಗವನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದರೆ ಇಡೀ ವಾರಾಂತ್ಯ ಹೋಗುತ್ತಿತ್ತು.

ಆಮೇಲಿನದು ಸಲೀಸು. ಡೇಟಾ ಇಡುವುದಕ್ಕೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್. ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಸರ್ವರ್ ಬೇಡ. ಎಲ್ಲ ಒಂದೇ ಫೈಲಿನಲ್ಲಿ ಇರುತ್ತದೆ, ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಬ್ಯಾಕಪ್ ಆಯಿತು. ತಾರೀಖನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, ತಿಂಗಳು ಮತ್ತು ದಿನಕ್ಕೆ ಎರಡೆರಡು ಅಂಕಿ (9 ಅಂದರೆ 09) ಇಟ್ಟು ಬರೆದರೆ ಸುಮ್ನೆ ಅಕ್ಷರದಂತೆ ಜೋಡಿಸಿದರೂ ಸರಿಯಾದ ಸಾಲಿನಲ್ಲಿ ಕೂರುತ್ತದೆ.

ದುಡ್ಡಿನ ವಿಷಯ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿ ನೋಡಿ. 0.30000000000000004 ಎಂದು ಬರುತ್ತದೆ. ಕಂಪ್ಯೂಟರ್ ದಶಮಾಂಶವನ್ನು ಎರಡರ ಲೆಕ್ಕದಲ್ಲಿ ಇಡುತ್ತದೆ, ಹತ್ತನೇ ಒಂದು ಭಾಗ ಅದರಲ್ಲಿ ಪೂರ್ತಿ ಕೂರುವುದಿಲ್ಲ. ಹಾಗಾಗಿ ನಾನು ರೂಪಾಯಿಯನ್ನು ಪೈಸೆ ಮಾಡಿ ಪೂರ್ಣಾಂಕವಾಗಿ ಇಡುತ್ತೇನೆ. 34 ರೂಪಾಯಿ 15 ಪೈಸೆ ಅಂದರೆ 3415. ಫ್ಯಾಟ್ 4.1 ಇದ್ದರೆ 41. ತೋರಿಸುವಾಗ ಮಾತ್ರ ಚುಕ್ಕಿ. ರೈತರ ದುಡ್ಡಿನ ಲೆಕ್ಕ ಬರೆಯುವವರು ಪ್ರತಿ ಪೈಸೆಗೂ ಇಷ್ಟು ಜೋಪಾನ ಮಾಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವರದಿಯನ್ನು ಪಿಡಿಎಫ್ ಬದಲು ಎಚ್‌ಟಿಎಮ್‌ಎಲ್ ಪುಟವಾಗಿ ಕೊಟ್ಟೆ. ಪಿಡಿಎಫ್ ಮಾಡುವ ಕೆಲವು ಲೈಬ್ರರಿಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ, ‘ಮೊತ್ತ’ದಲ್ಲಿ ತ ಕೆಳಗೆ ಹೋಗದೆ ಪಕ್ಕದಲ್ಲೇ ನಿಲ್ಲುತ್ತದೆ. ಬ್ರೌಸರ್‌ನಲ್ಲಿ ಆ ತೊಂದರೆ ಇಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಹಾರ್ಫ್‌ಬಝ್ ಎಂಬ ಲೈಬ್ರರಿ ಅಕ್ಷರ ಜೋಡಿಸುತ್ತದೆ.

ಭಾನುವಾರ ಬೆಳಿಗ್ಗೆ ಅವ್ವನ ಕೈಗೆ ಫೋನ್ ಕೊಟ್ಟು, ಏನೂ ಹೇಳದೆ ಪಕ್ಕದಲ್ಲಿ ಕೂತೆ. ತಿಂಗಳ ಮೊತ್ತವನ್ನು ಅವಳು ನೋಡಲೇ ಇಲ್ಲ. ಫ್ಯಾಟಿನ ಸಾಲಿನ ಮೇಲೆ ಬೆರಳಾಡಿಸಿ, “ಸಂಜೆ ಹಾಲಿಗೆ ಫ್ಯಾಟು ಜಾಸ್ತಿ ಬತ್ತದೆ ಮಗ, ಎರಡನ್ನೂ ಬೇರೆ ಬೇರೆ ತೋರ್ಸು” ಅಂದಳು. ನಾನು ಬೆಳಿಗ್ಗೆ, ಸಂಜೆ ಎರಡರ ಸರಾಸರಿ ತೆಗೆದು ಒಂದೇ ಅಂಕಿ ಇಟ್ಟಿದ್ದೆ. ಮಧ್ಯಾಹ್ನದ ಊಟದೊಳಗೆ ಬೇರೆ ಮಾಡಿದೆ.

ಭಾನುವಾರ ಊಟ ಆದಮೇಲೆ ಹೊಸದೇನನ್ನೂ ಸೇರಿಸುವುದಿಲ್ಲ. ಆ ಹೊತ್ತು ಕೋಡನ್ನು ಗಿಟ್‌ಗೆ (ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಸಾಫ್ಟ್‌ವೇರ್) ಹಾಕುವುದಕ್ಕೆ, ಬ್ಯಾಕಪ್ ತೆಗೆಯುವುದಕ್ಕೆ, ಹೇಗೆ ನಡೆಸಬೇಕು ಎಂದು ರೀಡ್‌ಮಿ ಬರೆಯುವುದಕ್ಕೆ. ರೀಡ್‌ಮಿ ಕನ್ನಡದಲ್ಲೇ ಬರೆಯುತ್ತೇನೆ, ಏಕೆಂದರೆ ಊರಲ್ಲಿ ಅಂಕಿ ತುಂಬುವವನು ಪಿಯುಸಿ ಓದುತ್ತಿರುವ ನನ್ನ ತಮ್ಮ. ಹಸುವಾರು ಲೆಕ್ಕ ಬೇಕು ಎಂದು ಅವ್ವ ಆಗಲೇ ಕೇಳಿದ್ದಾಳೆ. ಡೈರಿ ಚೀಟಿಯಲ್ಲಿ ಯಾವ ಹಸುವಿನ ಹಾಲು ಎಷ್ಟು ಎಂದು ಇರುವುದಿಲ್ಲ. ಮನೆಯಲ್ಲೇ ಅಳೆದು ಬರೆದಿಡಬೇಕು. ತಮ್ಮ ಅದಕ್ಕೊಂದು ನೋಟ್‌ಬುಕ್ ಶುರು ಮಾಡಿದ್ದಾನೆ. ಪಟ್ಟಿಯಲ್ಲಿ ಈಗ ಅದೇ ಮೇಲಿದೆ.